ಮಗಳ ಬಾಯಲ್ಲಿ ಹೇಳಿಸಿದ ಮಾತು

ಲಾಯಿಲದ ಹತ್ತಿರದ ಹೈಸ್ಕೂಲಿನಲ್ಲಿ ವಾರಿಜಾ ಟೀಚರಿಗೆ ಗಣಿತದ ಜೊತೆ ಇನ್ನೊಂದು ಕೆಲಸವೂ ಉಂಟು: ಹತ್ತನೆಯ ಮಕ್ಕಳಿಗೆ ಮುಂದೇನು ಓದಬೇಕೆಂದು ದಾರಿ ತೋರಿಸುವುದು. ಮನೆಯಲ್ಲಿ ತುಳುವಾದರೂ ಶಾಲೆಯ ಗೇಟು ದಾಟಿದರೆ ಅವರದು ಪುಸ್ತಕದ ಕನ್ನಡ. ತುಳು ಮಾತಾಡಿದ ಮಕ್ಕಳನ್ನು ಗದರುವವರು ತಾವೇ ತಪ್ಪಬಹುದೇ!

ಮಾರ್ಚಿನಲ್ಲಿ, ಅಸ್ಸಾಮಿನಿಂದ ಗೇರುಬೀಜದ ಫ್ಯಾಕ್ಟರಿಗೆ ದುಡಿಯಲು ಬಂದಿದ್ದ ಬಿಪುಲ್‌ನನ್ನು ಶಾಲೆಗೆ ಕರೆಸಿದರು. "ನಿಮ್ಮ ಮಗಳು ಗಣಿತದಲ್ಲಿ ಕ್ಲಾಸಿಗೇ ಮೊದಲು. ಪಿಯುಸಿಯಲ್ಲಿ ವಿಜ್ಞಾನಕ್ಕೇ ಸೇರಿಸಿ," ಎಂದರು. ಅವನಿಗೆ ಕನ್ನಡ ಬಾರದು. ಪಕ್ಕದಲ್ಲಿದ್ದ ಮಗಳು ದೀಪಾಲಿಯೇ ಅಪ್ಪನಿಗೆ ತಮ್ಮ ಭಾಷೆಯಲ್ಲಿ ಹೇಳಿದಳು. ಅವನು ತಲೆ ತಗ್ಗಿಸಿ ಕೈಮುಗಿದ. ಒಪ್ಪಿದ ಎಂದುಕೊಂಡರು ಟೀಚರ್.

ಜೂನಿನಲ್ಲಿ ನೋಡಿದರೆ ಯಾವ ಕಾಲೇಜಿನಲ್ಲೂ ದೀಪಾಲಿಯ ಹೆಸರಿಲ್ಲ. ಟೀಚರ್ ಫ್ಯಾಕ್ಟರಿಗೇ ಹೋದರು. ಕಾಯಿಲೆ ಬಿದ್ದ ತಾಯಿಯ ಜಾಗದಲ್ಲಿ ಕೂತು ಹುಡುಗಿ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾಕೆ ಇವಳ ಓದು ಬಿಡಿಸಿದ್ದು?" ಸಿಟ್ಟಿನಲ್ಲಿ ಟೀಚರ್ ಬಾಯಿಂದ ತುಳುವೇ ಬಂತು.

ಅಲ್ಲೇ ಕೆಲಸದಲ್ಲಿದ್ದ ಬಿಪುಲ್ ಟೀಚರ ಮುಖ ನೋಡಿದ. ಆರು ವರ್ಷ ಇಲ್ಲಿಯವರ ಜೊತೆ ದುಡಿದವನು, ತಡವರಿಸದೆ ತುಳುವಿನಲ್ಲೇ ಹೇಳಿದ: "ನೀವೇ ಅಲ್ಲವಾ ಟೀಚರೇ, ಇವಳಿಗೆ ಓದು ತಲೆಗೆ ಹತ್ತುವುದಿಲ್ಲ ಅಂದದ್ದು?"