ಒಡೆದು ನೋಡುವ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಫೀಸಿನ ಲಿಫ್ಟ್ ಮಾತ್ರ ಮೇಲೆ ಕೆಳಗೆ ಓಡಾಡುತ್ತಿದೆ. ಒಳಗೆ ಎರಡೂ ಕೈಯಲ್ಲಿ ಒಂದೊಂದು ಫೋನ್ ಹಿಡಿದು ನಿಂತ ಹೆಂಗಸು ಯಾವ ಮಹಡಿಯಲ್ಲೂ ಇಳಿಯುವುದಿಲ್ಲ. ಬಾಗಿಲು ಮುಚ್ಚಿದೊಡನೆ ಎಡಗೈಯ ಫೋನನ್ನು ಒತ್ತುತ್ತಾಳೆ, ತೆರೆದೊಡನೆ ಬಲಗೈಯದನ್ನು ನೋಡುತ್ತಾಳೆ. ಮೊದಮೊದಲು ವಾಚ್‌ಮನ್ನಿಗೆ ಅನುಮಾನ ಬಂದದ್ದುಂಟು. ಈಗ "ಸವಾರಿ ಮುಗೀತಾ ಮೇಡಂ?" ಎಂದು ಕೇಳಿ ತನ್ನ ಪಾಡಿಗೆ ತಾನಿರುತ್ತಾನೆ.

ಲಿಫ್ಟಿನೊಳಗೆ ಸಿಗ್ನಲ್ ಇರುವುದಿಲ್ಲ, ಈಕೆಗೆ ಬೇಕಾದದ್ದೂ ಅದೇ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ಗಳಿಗೆ ಈ ಕಂಪನಿ ಒಂದು ಆ್ಯಪ್ ಮಾಡಿಕೊಟ್ಟಿದೆ. ಹಗಲಿನ ನರ್ಸ್ 'ಮಾತ್ರೆ ಕೊಟ್ಟಾಯಿತು' ಎಂದು ಒತ್ತಿದರೆ ರಾತ್ರಿಯ ನರ್ಸ್‌ಗೆ ಅದು ಕಾಣಬೇಕು. ಎಡಗೈಯದು ಹಗಲಿನವಳ ಫೋನ್, ಬಲಗೈಯದು ರಾತ್ರಿಯವಳದು. ಆ್ಯಪನ್ನು ಜನರ ಕೈಗೆ ಕೊಡುವ ಮೊದಲು ಅದು ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದು ಈಕೆಯ ಕೆಲಸ. ಟೆಸ್ಟಿಂಗ್ ಎನ್ನುತ್ತಾರೆ.

ಮೊದಲು ಈಕೆಯೂ ಪ್ರೋಗ್ರಾಮರ್. ಒಮ್ಮೆ ನಾದಿನಿಯ ಸ್ಕೂಟರ್ ಕೆಟ್ಟಿತು. ನಾದಿನಿ ನರ್ಸ್. ಆ ದಿನ ಅವಳನ್ನು ಮನೆಯಿಂದ ಮನೆಗೆ ತನ್ನ ಗಾಡಿಯಲ್ಲೇ ಕರೆದೊಯ್ದ ಈಕೆ, ತಾನು ಬರೆದ ಆ್ಯಪನ್ನು ಮೊದಲ ಬಾರಿಗೆ ಇನ್ನೊಬ್ಬರ ಕೈಯಲ್ಲಿ ನೋಡಿದಳು. ಸಿಗ್ನಲ್ ಸಿಗದ ನೆಲಮಾಳಿಗೆಯ ಕೋಣೆಯೊಂದರಲ್ಲಿ ನಾದಿನಿ ಮಾತ್ರೆ ಕೊಟ್ಟು ಗುಂಡಿ ಒತ್ತಿದಳು, ಕಾದಳು, ಕೊನೆಗೆ ರಸ್ತೆಗೆ ಬಂದು ಮತ್ತೆ ಒತ್ತಿದಳು. "ನಿಮ್ಮ ಆ್ಯಪು ನಿಮ್ಮಾಫೀಸಲ್ಲಿ ಮಾತ್ರ ಚೆನ್ನಾಗಿರುತ್ತೆ ಅತ್ತಿಗೆ" ಎಂದು ನಕ್ಕಳಂತೆ.

"ನಾನು ಬರ್ದಿದ್ದನ್ನ ಎಷ್ಟೋ ಸಲ ನೋಡಿದ್ದೆ, ಆದ್ರೆ ನನ್ ಮೇಜಿನ್ ಹತ್ರಾನೇ ಕೂತ್ಕೊಂಡು" ಎನ್ನುತ್ತಾಳೆ ಈಕೆ. "ನಾವು ಬರ್ದಿದ್ರ ಮೇಲೆ ನಮ್ ಕೈ ಮೆತ್ತಗೇ ಬೀಳುತ್ತೆ. ಸ್ವಂತ ಮಗೂಗೆ ಹೊಡೆದ ಹಾಗೆ."

ಟೆಸ್ಟಿಂಗಿಗೆ ಕಳಿಸಿ ಎಂದು ತಾನಾಗಿ ಕೇಳಿದಾಗ ಮ್ಯಾನೇಜರ್ ತಮಾಷೆ ಅಂದುಕೊಂಡರು. ತಮಾಷೆಯಲ್ಲ ಎಂದು ತಿಳಿದ ಮೇಲೆ ಕಿಟಕಿ ಪಕ್ಕದ ಕುರ್ಚಿ ಹೋಗಿ ನೀರಿನ ಕ್ಯಾನಿನ ಪಕ್ಕದ ಕುರ್ಚಿ ಬಂತು. ಬಡ್ತಿಯ ಮಾತು ಬಂದಾಗಲೆಲ್ಲ ಈಕೆಯ ಹೆಸರು ಯಾರಿಗೂ ನೆನಪಾಗುವುದಿಲ್ಲ. ಸದಾ ಕೊಂಕು ತೆಗೆಯುತ್ತಾಳೆಂದು ಬೆನ್ನ ಹಿಂದೆ 'ಕೊಂಕಕ್ಕ' ಎಂಬ ಬಿರುದು ಬೇರೆ. ಹೆತ್ತಮ್ಮನಂತೂ ನೆಂಟರ ಮುಂದೆ ಮಗಳು ಈಗಲೂ ಪ್ರೋಗ್ರಾಮರ್ ಎಂದೇ ಹೇಳಿಕೊಳ್ಳುತ್ತಾರೆ.

ಈಗ ಆ ಕುರ್ಚಿಗೂ ಕುತ್ತು ಬಂದಿದೆ. ಬರೆಯುವವರೇ ಪರೀಕ್ಷಿಸಿಕೊಳ್ಳಲಿ, ಅದಕ್ಕೆಂದೇ ಒಬ್ಬರು ಯಾಕೆ ಎಂದು ಕಂಪನಿ ಲೆಕ್ಕ ಹಾಕಿದೆ. ಈಕೆ ಪ್ರೋಗ್ರಾಮಿಂಗಿಗೆ ಮರಳಬಹುದು, ಸಂಬಳವೂ ಏರುತ್ತದೆ. ಇವತ್ತೇ ಉತ್ತರ ಹೇಳಬೇಕು. ಆಸೆಯಾಗಲಿಲ್ಲವೇ ಎಂದರೆ, "ಆಗದೆ ಇರುತ್ತಾ? ರಾತ್ರಿಯೆಲ್ಲಾ ನಿದ್ದೆ ಬಂದಿಲ್ಲ" ಎಂದು ಒಪ್ಪಿಕೊಳ್ಳುತ್ತಾಳೆ.

ಲಿಫ್ಟ್ ಮತ್ತೆ ತೆರೆದುಕೊಳ್ಳುತ್ತದೆ. ಎಡಗೈಯ ಫೋನಿನಲ್ಲಿ 'ದಾಖಲಾಯಿತು' ಎಂಬ ಹಸಿರು ಗುರುತು. ಬಲಗೈಯದರಲ್ಲಿ, ಎಷ್ಟು ಹೊತ್ತು ಕಾದರೂ, 'ಮಾತ್ರೆ ಕೊಡಬೇಕು'. ಎಂದರೆ ರಾತ್ರಿಯ ನರ್ಸ್ ಅದೇ ಮಾತ್ರೆಯನ್ನು ಇನ್ನೊಮ್ಮೆ ಕೊಡುತ್ತಾಳೆ. ಹಳೆಯ ಆ್ಯಪಿನಲ್ಲಿ ಸಿಗ್ನಲ್ ಇಲ್ಲದಾಗ ಈ ಗುರುತು ಬರುತ್ತಿರಲಿಲ್ಲ, ನರ್ಸ್ ಕನಿಷ್ಠ ರಸ್ತೆಗಾದರೂ ಬರುತ್ತಿದ್ದಳು. ಹೊಸದು ಅವಳನ್ನು ನಂಬಿಸಿ ಮನೆಗೆ ಕಳಿಸಿಬಿಡುತ್ತದೆ. ಬೆಳಿಗ್ಗೆಯೇ ನರ್ಸ್‌ಗಳ ಫೋನಿಗೆ ಹೊರಡಬೇಕಿದ್ದ ಈ ಹೊಸ ಆವೃತ್ತಿಯನ್ನು ಈಕೆ ತಡೆಯುತ್ತಾಳೆ.

ಅದನ್ನು ಬರೆದ ಪ್ರೋಗ್ರಾಮರ್ ಬಂದವನೇ ಸಿಡಿಮಿಡಿಗೊಳ್ಳುತ್ತಾನೆ. "ಲಿಫ್ಟಲ್ಲಿ ನಿಂತ್ಕೊಂಡು ಯಾರಕ್ಕ ಮಾತ್ರೆ ಕೊಡ್ತಾರೆ?" ಈಕೆ ವಾದಕ್ಕಿಳಿಯದೆ ನೆಲಮಾಳಿಗೆಯ ಕೋಣೆಯ ಸಂಗತಿ ಹೇಳಿ, ಎರಡೂ ಫೋನ್‌ಗಳನ್ನು ಅವನ ಕೈಗಿಡುತ್ತಾಳೆ. ಅವನು ಲಿಫ್ಟಿನಲ್ಲಿ ಒಂದು ಸುತ್ತು ಹೋಗಿ ಬಂದು ರಿಪೇರಿಗೆ ಕೂರುತ್ತಾನೆ.

ತಡವಾದದ್ದಕ್ಕೆ ಮ್ಯಾನೇಜರ್ ಮುಖ ಗಂಟಿಕ್ಕಿದ್ದಾರೆ. ಈಕೆ ಆಗಲೇ ಉತ್ತರವನ್ನೂ ಹೇಳಿಬಿಡುತ್ತಾಳೆ. "ಇಲ್ಲಿ ಜಾಗ ಇಲ್ಲ ಅಂದ್ರೆ ಬೇರೆ ಕಡೆ ನೋಡ್ಕೋತೀನಿ ಸಾರ್. ಬರೆಯೋಕೆ ಮಾತ್ರ ವಾಪಸ್ ಹೋಗಲ್ಲ." ಅವರು ಸದ್ಯಕ್ಕೆ ಹಾಗೇ ಇರಲಿ, ಮುಂದೆ ನೋಡೋಣ ಎನ್ನುತ್ತಾರೆ. ಸಂಬಳದ ಮಾತು ಎತ್ತುವುದಿಲ್ಲ.

ಬಡ್ತಿ ಸಿಗದಿದ್ದರೆ ಬೇಡ ಎನ್ನುವಷ್ಟು ದೊಡ್ಡ ಮನಸ್ಸು ತನ್ನದಲ್ಲ, ಸಿಕ್ಕರೆ ಖಂಡಿತ ತಗೊಳ್ಳುತ್ತೇನೆ ಎಂದು ಈಕೆ ನಗುತ್ತಾಳೆ. ಆದರೆ ಅದಕ್ಕಿಂತ ಮೊದಲಿನ ಆಸೆ ಬೇರೆ. "ಎಲ್ಲಾ ಮುಗಿಸಿ ಕೊನೇ ದಿನ ತಂದು ಎಸೀತಾರೆ. ಆಗ ತಪ್ಪು ಹೇಳಿದ್ರೆ ನಾನೇ ವೈರಿ. ಬರೀತಿರುವಾಗ್ಲೇ ಒಂದ್ಸಲ ಕರೀಲಿ, ಸಾಕು."

ಸಂಜೆ, ಸರಿಪಡಿಸಿದ ಆವೃತ್ತಿ ಹೊರಟುಹೋಗಿದೆ. ಎಲ್ಲರೂ ಬ್ಯಾಗು ಹೆಗಲಿಗೇರಿಸುತ್ತಿರುವಾಗ ಬೆಳಗಿನ ಪ್ರೋಗ್ರಾಮರ್ ಲ್ಯಾಪ್‌ಟಾಪ್ ತೆರೆದುಕೊಂಡೇ ಈಕೆಯ ಮೇಜಿನ ಬಳಿ ಬರುತ್ತಾನೆ. ಧನ್ಯವಾದ ಹೇಳುವ ಜಾತಿಯವನಲ್ಲ.

"ಅಕ್ಕ, ಮುಂದಿನದ್ದು ಇನ್ನೂ ಅರ್ಧಾನೇ ಬರ್ದಿರೋದು" ಎನ್ನುತ್ತಾನೆ. "ಎಲ್ಲಿ ಒಡೆಯುತ್ತೆ, ಈಗ್ಲೇ ನೋಡಿ ಹೇಳ್ತೀರಾ?"

ಈಕೆ ಹೆಗಲ ಮೇಲಿನ ಬ್ಯಾಗನ್ನು ಇಳಿಸಿ, ಪಕ್ಕದ ಕುರ್ಚಿ ಎಳೆದು ಕೊಡುತ್ತಾಳೆ.