ಮಲ್ಲಿಕಾರ್ಜುನ ಇಳಿಯದ ಸ್ಟಾಪು

ನನ್ನ ಮೈದುನ ಮಲ್ಲಿಕಾರ್ಜುನ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವನು. ತುಮಕೂರು-ಕುಣಿಗಲ್ ರೂಟಿನಲ್ಲೇ ಹತ್ತೊಂಬತ್ತು ವರ್ಷ ಸೀಟಿ ಊದಿದ. ರಿಟೈರಾಗಿ ಮೂರು ವರ್ಷವಾದರೂ ಆ ಕೆಲಸ ಅವನ ಮೈಬಿಟ್ಟು ಹೋಗಿಲ್ಲ. ಯಾರು ಕೈ ಅಡ್ಡ ಹಿಡಿದರೂ ನಿಂತುಬಿಡುತ್ತಾನೆ. ನಮ್ಮ ಮರಳೂರಿನ ಬೀದಿಯಲ್ಲಿ ಗ್ಯಾಸ್ ಬುಕ್ ಮಾಡುವುದಕ್ಕೆ, ಪೆನ್ಷನ್ ಫಾರಂ ತುಂಬುವುದಕ್ಕೆ, ಮದುವೆಗೆ ವ್ಯಾನು ಗೊತ್ತುಮಾಡುವುದಕ್ಕೆ ಅವನೇ ಬೇಕು. ಬೆಳಗ್ಗೆ ಹಾಲಿಗೆ ಹೋದವನು ಮನೆ ಸೇರುವುದು ಹನ್ನೊಂದಕ್ಕೆ, ಅಷ್ಟರಲ್ಲಿ ಹಾಲು ಒಡೆದಿರುತ್ತದೆ. ಬೈದು ಬೈದು ನನಗೂ ಸಾಕಾಗಿದೆ.

ತನಗೆ ಅಂತ ಅವನು ಆಸೆಪಟ್ಟಿದ್ದು ಒಂದೇ. ಹೆಬ್ಬೂರು ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಒಂದು ಪರಿಸರ ಶಿಕ್ಷಣ ಕೇಂದ್ರವಿದೆ. ಗೇಟಿನಿಂದ ಕಾಲುದಾರಿಯೊಂದು ಹೊರಟು ಬಿದಿರುಮೆಳೆಯ ಹತ್ತಿರ ತಿರುಗಿ ಕಾಣದಂತಾಗುತ್ತದೆ.

"ತಿರುಗಿದ ಮೇಲೆ ಏನೈತೋ ನಂಗೊತ್ತಿಲ್ಲ ಅತ್ಗೆ. ದಿನಾ ನಾಕು ಸಲ ಅಲ್ಲಿ ಜನ ಇಳಿಸ್ದೆ, ನಾನ್ ಮಾತ್ರ ಇಳೀಲಿಲ್ಲ. ಒಂದ್ಸಲ ಒಳಗೋಗಿ ನೋಡ್ಬೇಕು" ಅಂದ.

"ಹೋಗ್ಬಾರಪ್ಪ, ಯಾರ್ ಬ್ಯಾಡ ಅಂದ್ರು?"

"ಒಬ್ಬೊಬ್ರನ್ನ ಒಳಗೆ ಬಿಡಲ್ವಂತೆ. ಇಪ್ಪತ್ತೈದು ಜನ ಆಗ್ಬೇಕಂತೆ."

ಹಾಗೆ ಶುರುವಾಯಿತು ನೋಡಿ ಈ ಕರ್ಮ. ನಮ್ಮ ಬೀದಿಯವರನ್ನು ಜಗಲಿಯಲ್ಲಿ ಸೇರಿಸಿದ. ನಾನು ಟೀ ಕಾಸುತ್ತಾ ಎಲ್ಲ ಕೇಳಿಸಿಕೊಂಡೆ. ಮೊದಲು ಸೋಮವಾರ ಅಂತಾಯಿತು. ಶಿವನ ವಾರ, ಯಾರೂ ಎದುರಾಡಲಿಲ್ಲ. ಮೂವತ್ತು ಜನ ಹೆಸರು ಕೊಟ್ಟರು. ಆಮೇಲೆ ಕೇಂದ್ರದ ರೂಪಶ್ರೀ ಅನ್ನುವ ಹುಡುಗಿಗೆ ಫೋನ್ ಮಾಡಿದರೆ, ಅವರಿಗೆ ಸೋಮವಾರವೇ ರಜ! ಮೊದಲೇ ಕೇಳಬಾರದಿತ್ತೇ? ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಬನ್ನಿ ಅಂತ ಆ ಹುಡುಗಿ ಬರೆದುಕೊಂಡಳು.

ಎರಡನೇ ಸಲ ಸೇರಿದಾಗ ಎದುರುಮನೆ ಶಿವರಾಮಯ್ಯ ಗಂಟಲು ಸರಿಮಾಡಿಕೊಂಡರು.

"ಮಲ್ಲಣ್ಣ, ವ್ಯಾನು ಮಾಡ್ತಿದೀಯ ಅಂದ್ಮೇಲೆ ಗುಬ್ಬಿ ಚನ್ನಬಸವೇಶ್ವರಂಗೆ ಒಂದು ಕೈ ಮುಗ್ದು ಹೊರಡಾನ."

"ಗುಬ್ಬಿ ಎತ್ಲಾಗೆ, ಕುಣಿಗಲ್ ಎತ್ಲಾಗೆ ಶಿವರಾಮಯ್ಯ?" ಅಂತ ನಾನು ಒಳಗಿಂದಲೇ ಕೂಗಿದೆ.

"ಮನೆದೇವ್ರು ಬಿಟ್ಟು ಮರ ನೋಡಕ್ಕೋಗಾದಾ ಅಕ್ಕಯ್ಯ?"

ಮಲ್ಲಿಕಾರ್ಜುನ ಗುಬ್ಬಿ ಬರೆದುಕೊಂಡ. ಭಜನೆಯ ಸಿದ್ದಲಕ್ಷ್ಮಮ್ಮ, ಸಿದ್ಧಗಂಗೆಯಲ್ಲಿ ದಾಸೋಹದ ಪ್ರಸಾದ ಉಂಡುಕೊಂಡೇ ಹೋಗಬೇಕು ಅಂದಳು. ಅದನ್ನೂ ಬರೆದುಕೊಂಡ. ಅವನ ಹೆಂಡತಿ ಶಿವರುದ್ರಮ್ಮ ಯಡಿಯೂರಿನ ಹರಕೆ ತೆಗೆದಳು. "ಅಲ್ಲೀಗಂಟ ಹೋದ್ಮೇಲೆ ಮಾರ್ಕೋನಹಳ್ಳಿ ಡ್ಯಾಮ್ ಏನ್ ದೂರ?" ಅಂತ ಇನ್ನೊಬ್ಬರು. ಇವನು ಯಾರಿಗೂ ಇಲ್ಲ ಅನ್ನಲಿಲ್ಲ. ನನಗೆ ತಲೆ ಚಿಟ್ಟು ಹಿಡಿಯಿತು.

ವ್ಯಾನಿನ ಉದಯಕುಮಾರ್ ಪಟ್ಟಿ ನೋಡಿ ನಕ್ಕ. "ಅಣ್ಣ, ಇದು ವ್ಯಾನು, ವಿಮಾನ ಅಲ್ಲ. ಕತ್ತಲಾಗೋದ್ರೊಳಗೆ ವಾಪಸ್ ಬರ್ಬೇಕು ಅಂದ್ರೆ ಒಂದು ಜಾಗ ಕಿತ್ತಾಕಿ."

ಶಿವರಾಮಯ್ಯ ತಲೆಯೆತ್ತಿ ಮಾಡಿನ ಹೆಂಚು ಎಣಿಸತೊಡಗಿದರು. ಮಲ್ಲಿಕಾರ್ಜುನ ಪೆನ್ನು ತೆಗೆದು ತನ್ನ ಕೇಂದ್ರದ ಮೇಲೇ ಗೀಟು ಎಳೆದ.

ಅವರೆಲ್ಲ ಹೋದ ಮೇಲೆ ನಾನು ಲೋಟ ಕುಕ್ಕಿದೆ. "ನಿನ್ನ ಹಣೆಬರಾನ ನೀನೇ ಹೊಡ್ದಾಕ್ಕೊಂಡ್ಯಲ್ಲೋ!"

"ಹೋಗ್ಲಿ ಬುಡಿ ಅತ್ಗೆ. ದೇವ್ರ ಕಾರ್ಯ."

"ಆ ಹುಡ್ಗಿಗೆ ಬರಲ್ಲ ಅಂತಾದ್ರೂ ಫೋನ್ ಮಾಡು."

ಮಾಡುತ್ತೇನೆ ಅಂದ. ಮಾಡಲಿಲ್ಲ.

ಗುರುವಾರ ಏಳಕ್ಕೆ ಹೊರಟೆವು. ಗುಬ್ಬಿಯಲ್ಲಿ ಅರ್ಚನೆ ಮುಗಿಯುವಾಗ ಹತ್ತು ಹೊಡೆದಿತ್ತು. ವಾಪಸ್ ಬಂದು ಮಠದಲ್ಲಿ ಉಂಡು, ಕುಣಿಗಲ್ ರಸ್ತೆ ಹಿಡಿದಾಗ ಒಂದು ಗಂಟೆ. ಎಲ್ಲರೂ ತೂಕಡಿಸುತ್ತಿದ್ದರು. ಬಾಗಿಲ ಹತ್ತಿರ ಕೂತಿದ್ದ ಮಲ್ಲಿಕಾರ್ಜುನ ಮಾತ್ರ ಹೆಬ್ಬೂರು ದಾಟಿದಾಗ ಎದ್ದು ನಿಂತ. ಕೇಂದ್ರದ ಬೋರ್ಡು ಕಂಡಿತು. ವ್ಯಾನಿನ ತಗಡನ್ನು ಎರಡು ಸಲ ಬಡಿದ. ಉದಯಕುಮಾರ್ ಬ್ರೇಕ್ ಒತ್ತಿದ.

"ಯಾಕಣ್ಣ, ಯಾರಿಗಾದ್ರೂ ವಾಂತಿನಾ?"

"ಇಲ್ಲ ಕಣಪ್ಪ. ನಾನ್ ಇಳೀತೀನಿ. ನೀವು ಯಡಿಯೂರ್ ಮುಗಿಸ್ಕೊಂಡು ಬನ್ನಿ."

ವ್ಯಾನಿನಲ್ಲಿ ಸಂತೆಯಂತೆ ಗದ್ದಲ. "ಪೂಜೆ ಚೀಟಿ ಯಾರು ಮಾಡ್ಸೋರು?" "ಏನ್ರೀ ಇದು, ಮಾನ ಕಳೀಬೇಡಿ!" ಅಂತ ಅವನ ಹೆಂಡತಿ. ಅವನು ಕೆಳಗೆ ನಿಂತು ಮುಖ ಸಣ್ಣ ಮಾಡಿಕೊಂಡ. ಇನ್ನೊಂದು ಮಾತು ಬಿದ್ದರೆ ಹತ್ತಿಬಿಡುತ್ತಾನೆ ಅಂತ ನನಗೆ ಗೊತ್ತಾಯಿತು. ಮಂಡಿ ಹಿಡಿದುಕೊಂಡು ನಾನೂ ಇಳಿದೆ.

"ನೀವ್ ಯಾಕತ್ಗೆ?"

"ಬಾಯ್ ಮುಚ್ಕೊಂಡು ನಡಿ."

ಗೇಟಿನಲ್ಲಿ ರೂಪಶ್ರೀ ಕೈಕಟ್ಟಿ ನಿಂತಿದ್ದಳು. ಇವನು ಹೆಸರು ಹೇಳಿದ. "ಹತ್ತು ಗಂಟೆಗೆ ಮೂವತ್ತು ಜನ ಅಂದ್ರಿ ಸಾರ್. ಒಂದೂವರೆಗೆ ಇಬ್ರು ಬಂದಿದೀರ. ಫೋನಾದ್ರೂ ಮಾಡ್ಬಾರ್ದಾ?" ಅವಳು ಅಂದಿದ್ದರಲ್ಲಿ ತಪ್ಪೇನಿಲ್ಲ. ನಾನೇ ಆಗಿದ್ದರೆ ಇನ್ನೂ ನಾಲ್ಕು ಜಾಸ್ತಿ ಅನ್ನುತ್ತಿದ್ದೆ.

"ತಪ್ಪಾಯ್ತು ಮೇಡಂ" ಅಂದ ಅವನು. ಆದರೆ ಹಿಂದಕ್ಕೆ ತಿರುಗಲಿಲ್ಲ. ಅಲ್ಲೇ ನಿಂತ.

ಅವಳು ಅವನನ್ನೇ ನೋಡಿದಳು. "ಕೋರ ಊರಿನ ಸ್ತ್ರೀಶಕ್ತಿ ಸಂಘದೋರು ಈಗ ಒಳಗೆ ಹೊರಡ್ತಿದಾರೆ. ಅವ್ರ ಹಿಂದೆ ಹೋಗ್ತೀರಾ?"

ಅವನು ಹ್ಞೂಂ ಅನ್ನುವಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಶಿವರಾಮಯ್ಯನವರೇ ಇರಬೇಕು. ಇವನ ಕೈ ತಾನಾಗಿ ಜೇಬಿಗೆ ಹೋಯಿತು. ನಾನು ಕಿತ್ತುಕೊಂಡೆ.

"ಹೋಗೋ ಮಾರಾಯ!"

ಹೋದ. ಇಪ್ಪತ್ತೈದು ಹೆಂಗಸರ ಹಿಂದೆ, ಚಪ್ಪಲಿ ಸದ್ದಾಗದ ಹಾಗೆ ಹೆಜ್ಜೆಯಿಡುತ್ತಾ, ಬಿದಿರುಮೆಳೆಯ ಹತ್ತಿರ ತಿರುಗಿ ಮರೆಯಾದ.

ನಾನು ಕಲ್ಲುಬೆಂಚಿನ ಮೇಲೆ ಕೂತೆ. ಎರಡು ಗಂಟೆಯಲ್ಲಿ ಹನ್ನೊಂದು ಫೋನು. ಹರಕೆಯ ಬಟ್ಟೆ ಯಾವ ಚೀಲದಲ್ಲಿದೆ? ವ್ಯಾನು ಎಲ್ಲಿ ನಿಲ್ಲಿಸಬೇಕು? ಡ್ಯಾಮಿಗೆ ಯಾವ ಕಡೆ ತಿರುಗಬೇಕು? ನಾಲಿಗೆ ಒಣಗಿತು.

"ಅಕ್ಕಯ್ಯ, ನಿಮ್ಗೆ ಗೊತ್ತಾಗಲ್ಲ, ಮಲ್ಲಣ್ಣಂಗೆ ಕೊಡಿ" ಅಂದರು ಶಿವರಾಮಯ್ಯ, ಹನ್ನೆರಡನೇ ಫೋನಿನಲ್ಲಿ.

"ಒಳಗವ್ನೆ" ಅಂದೆ. "ಬರೋದು ತಡವಾಗ್ತದೆ."