ಬಂಡೆ ಇಳಿಸಿದ ಕಂಡಕ್ಟರು

ಓಡುವ ಬಸ್ಸಿನಲ್ಲಿ ಅವರು ಏನನ್ನೂ ಹಿಡಿದುಕೊಳ್ಳದೆ ನಿಲ್ಲುತ್ತಿದ್ದರು. ಸೀಟುಗಳ ನಡುವೆ ಕಾಲು ಅಗಲಿಸಿ, ಹೊಟ್ಟೆ ಮುಂದೆ ಮಾಡಿ ನಿಂತರೆಂದರೆ ಮುಗಿಯಿತು. ಡ್ರೈವರು ಹಂಪ್ ಎಗರಿಸಲಿ, ಎಮ್ಮೆ ಅಡ್ಡ ಬಂತೆಂದು ಬ್ರೇಕ್ ತುಳಿಯಲಿ, ನಾವೆಲ್ಲ ಮುಂದಿನ ಸೀಟಿಗೆ ಹಣೆ ಚಚ್ಚಿಕೊಳ್ಳುತ್ತಿದ್ದೆವು, ಅವರು ಮಾತ್ರ ಅಲ್ಲಾಡುತ್ತಿರಲಿಲ್ಲ. ವರ್ಷಗಟ್ಟಲೆ ವಿಷಲ್ ಕಚ್ಚಿ ಕಚ್ಚಿ ಕೆಳತುಟಿ ಒಂದು ಕಡೆಗೆ ಜೋತುಬಿದ್ದಿತ್ತು.

ಪಾವಗಡ–ತುಮಕೂರು ರೂಟಿನಲ್ಲಿ ಕಂಡಕ್ಟರಾಗಿದ್ದು ರಿಟೈರ್ ಆದವರು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಕೊರಟಗೆರೆಯಿಂದ ಒಂದು ದಿನದ ಟೂರ್ ಶುರುಮಾಡಿದ್ದರು. ಬಾಡಿಗೆಯ ಮಿನಿ ಬಸ್ಸು, ಡಬರಿ ತುಂಬ ಪುಳಿಯೋಗರೆ, ಗೈಡೂ ತಾವೇ. ಬಸ್ ಸ್ಟ್ಯಾಂಡ್ ಪಕ್ಕದ ನನ್ನ ಹೊಲಿಗೆ ಅಂಗಡಿಗೆ ಪ್ಯಾಂಟಿನ ಸೊಂಟ ಬಿಚ್ಚಿಸಲು ಬರುತ್ತಿದ್ದರು. "ಹೊಟ್ಟೆ ಬಂದಿಲ್ಲ ಕಣಮ್ಮ, ಬಟ್ಟೇನೇ ಕುಗ್ತೈತೆ" ಅನ್ನುತ್ತಿದ್ದರು. ನಾನು ಟೇಪು ಸುತ್ತಿ ತೋರಿಸಿದರೆ, "ನಿನ್ನ ಟೇಪೂ ಕುಗ್ಗೈತೆ ಬುಡು" ಅಂತ ಜಗಳಕ್ಕೇ ಬರುತ್ತಿದ್ದರು.

ಇತಿಹಾಸ ಅವರ ಬಾಯಲ್ಲಿ ಪ್ರತಿ ಟೂರಿಗೂ ಬೇರೆಯಾಗುತ್ತಿತ್ತು. ಯಾವ ಕೋಟೆಗೆ ಹೋದರೂ ಒಂದು ಸುರಂಗ ಇರಲೇಬೇಕು. ಶಿರಾ ಕೋಟೆಯಿಂದ ಮಧುಗಿರಿಗೆ ಸುರಂಗ ಎಂದು ಒಮ್ಮೆ ಹೇಳಿದಾಗ ನನ್ನ ಬಾಯಿ ಸುಮ್ಮನಿರಬೇಕಲ್ಲ, "ಹೋದ ಸಲ ಪೆನುಕೊಂಡೆಗೆ ಅಂದಿದ್ರಲ್ಲ ಸಾರ್?" ಎಂದೆ. ಒಂದು ಚೂರೂ ಗಲಿಬಿಲಿಯಾಗದೆ, "ಅದು ಬ್ಯಾರೆ ಸುರಂಗ ಕಣಮ್ಮ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಅವರೂ ನಕ್ಕರು.

ಅವರ ಮಾತಿನ ತುದಿಯೆಂದರೆ ಮಧುಗಿರಿ ಬೆಟ್ಟದ ವರ್ಣನೆ. ಅಖಂಡ ಒಂದೇ ಬಂಡೆ. ನೆತ್ತಿಯ ಮೇಲೆ ಹಾಳುಬಿದ್ದ ದೇವಸ್ಥಾನ, ದವಸ ತುಂಬುತ್ತಿದ್ದ ಕಣಜಗಳು, ಅಲ್ಲಿ ಬೀಸುವ ಗಾಳಿ, ಆ ಗಾಳಿಗೆ ಹೆಂಗಸರ ಸೆರಗು ನಿಲ್ಲದಿರುವುದು, ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದರು. ಕೇಳಿದವರಿಗೆ ಹತ್ತಿ ಬಂದಷ್ಟೇ ಆಯಾಸ. ಆದರೆ ಬೆಟ್ಟದ ಬುಡಕ್ಕೆ ಬಂದರೆ ಮೊದಲ ಬಾಗಿಲ ಹತ್ತಿರವೇ ನೆರಳು ಹಿಡಿದು ಕೂರುತ್ತಿದ್ದರು. "ಮಂಡಿನೋವು, ನೀವು ಹೋಗ್ಬರ್ರಿ." ದಿನವಿಡೀ ಬಸ್ಸಿನಲ್ಲಿ ನಿಂತೇ ಇರುವವರಿಗೆ ಅದೆಂಥ ಮಂಡಿನೋವೋ ಎಂದು ನಾನು ಆಡಿಕೊಳ್ಳುತ್ತಿದ್ದೆ. ಎರಡು ಸಲ ಟೂರಿಗೆ ಹೋಗಿದ್ದರೂ ಮಗಳು ತೀರಾ ಚಿಕ್ಕವಳೆಂದು ನಾನೂ ಹತ್ತಿರಲಿಲ್ಲ.

ಮೂರನೇ ಸಲ ಹತ್ತಲೇಬೇಕೆಂದು ಹಟ ಹಿಡಿದೆ. ಅವತ್ತು ಬೆಳಿಗ್ಗೆ ಸೋನೆ ಹಿಡಿದಿತ್ತು. ಬಂಡೆ ಜಾರುತ್ತೆ ಎಂದು ಅವರು ದಿನದ ಕ್ರಮವನ್ನೇ ತಿರುಗಿಸಿದರು: ಮೊದಲು ಶಿರಾ, ಆಮೇಲೆ ಪಾವಗಡ, ಕೊನೆಗೆ ಮಧುಗಿರಿ. ವಳ್ಳೂರಿನ ಹತ್ತಿರ ಬಿಸಿಲು ಬಿತ್ತು. ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು. "ಬಲಗಡೆ ನೋಡ್ರವ್ವ, ನಮ್ಮಪ್ಪನ ಹೊಲ. ಮುಂಚೆ ಕಡ್ಲೇಕಾಯಿ ಬೆಳೀತಿತ್ತು, ಈಗ ಬಿಸ್ಲು ಬೆಳೀತೈತೆ" ಎಂದರು. ಯಾವ ಹಲಗೆಯ ಕೆಳಗೆ ಎಂದು ಯಾರೋ ಕೇಳಿದರು. ಅವರು ಪುಳಿಯೋಗರೆ ಹಂಚಲು ಹೋದರು.

ಪಾವಗಡದಲ್ಲಿ ಶನಿಮಹಾತ್ಮನ ದರ್ಶನವಾದ ಮೇಲೆ ಜೊತೆಗೆ ಬಂದಿದ್ದ ನಮ್ಮ ಎದುರುಮನೆ ಅಜ್ಜಿ ತಕರಾರು ತೆಗೆದರು. ಶನಿದೇವರ ಗುಡಿಯಿಂದ ನೆಟ್ಟಗೆ ಮನೆಗೆ ಹೋಗಬೇಕು, ಎಲ್ಲೂ ನಿಲ್ಲಬಾರದು ಎಂದು.

"ಬ್ಯಾರೇರ ಮನೆಗೆ ಹೋಗ್ಬಾರ್ದು ಅಂತೈತೆ ಅಜ್ಜಿ. ಬೆಟ್ಟ ಯಾರ ಮನೆ?" ಎಂದರು ಕಂಡಕ್ಟರು.

"ಆಡ್ಕೊಳ್ಳಿ, ಆಡ್ಕೊಳ್ಳಿ" ಎಂದು ಅಜ್ಜಿ ಗೊಣಗಿದರು. ಮಧುಗಿರಿ ಮುಟ್ಟುವಾಗ ಹೊತ್ತು ಇಳಿದಿತ್ತು. ಅಜ್ಜಿ ಬಸ್ಸಿನಿಂದ ಇಳಿಯಲೇ ಇಲ್ಲ. ನನ್ನ ಐದು ವರ್ಷದ ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. "ಈಗೊಂದು ಗಳಿಗೇಲಿ ಬಂದ್ಬಿಡ್ತೀನಿ" ಎಂದು ಇಬ್ಬರು ಕಾಲೇಜು ಹುಡುಗಿಯರ ಹಿಂದೆ ಹೊರಟೆ.

ಮೊದಮೊದಲು ಮೆಟ್ಟಿಲು, ಸರಾಗ. ಆಮೇಲೆ ಮೆಟ್ಟಿಲು ಮುಗಿದು ಬರೀ ಬಂಡೆ. ಪಾದ ಇಡುವಷ್ಟು ಗುಳಿ ಕಡಿದಿದ್ದಾರೆ, ಅಷ್ಟೆ. ಹುಡುಗಿಯರು ಮೇಕೆಮರಿಗಳ ಹಾಗೆ ಮೇಲೆ ಹೋಗಿ ಕಣ್ಮರೆಯಾದರು. ಕಂಬಿ ಇಲ್ಲದ ಒಂದು ಕಡೆ ಉಸಿರು ತೆಗೆದುಕೊಳ್ಳಲು ಕೂತು ಹಿಂದೆ ತಿರುಗಿದೆ. ಅಯ್ಯೋ, ಯಾಕಾದರೂ ತಿರುಗಿದೆನೋ! ಬಂಡೆ ಕೆಳಗೆ ಜಾರಿ ಹೋಗಿ ಕಾಣದಾಗುತ್ತಿತ್ತು. ಅದರಾಚೆ ಊರು. ನಮ್ಮ ಬಸ್ಸು ಅಂಗಿ ಗುಂಡಿಯಷ್ಟಿತ್ತು, ಅದರೊಳಗೆ ನನ್ನ ಮಗಳು.

ಬಂಡೆಗೆ ಬೆನ್ನು ಅಂಟಿಸಿದೆ. ಮೇಲೂ ಹೋಗಲಾರೆ, ಕೆಳಗೂ ಇಳಿಯಲಾರೆ. ಗಾಳಿ ಬೀಸಿದಾಗೆಲ್ಲ ದೇಹ ತಾನಾಗಿ ಮುಂದೆ ವಾಲುತ್ತಿದೆ ಅನ್ನಿಸುತ್ತಿತ್ತು. ಕತ್ತಲಾದರೆ ಇಲ್ಲೇ ನನ್ನ ಕತೆ ಮುಗಿಯಿತು, ಮಗಳು ಎದ್ದು ಅಮ್ಮ ಎಲ್ಲಿ ಎಂದು ಕೇಳುತ್ತಾಳೆ ಎಂದುಕೊಂಡೆ. ಬಾಯಿ ಬಿಟ್ಟು ಕಿರುಚಿದೆ. ಎಷ್ಟು ಸಲ ಕಿರುಚಿದೆನೋ, ಗಂಟಲು ಕಟ್ಟಿತು.

ಬಹಳ ಹೊತ್ತಾದ ಮೇಲೆ ಕೆಳಗಡೆಯಿಂದ ಒಂದು ಬೋಳುತಲೆ ಕಾಣಿಸಿತು. ಕಂಡಕ್ಟರು. ಚಪ್ಪಲಿ ಬಿಟ್ಟು, ಎರಡೂ ಕೈ ಊರಿಕೊಂಡು, ಅಂಬೆಗಾಲಿಡುವ ಕೂಸಿನ ಹಾಗೆ ಒಂದೊಂದೇ ಗುಳಿ ಹಿಡಿದು ಬರುತ್ತಿದ್ದರು. ಒಮ್ಮೆಯೂ ತಲೆ ಎತ್ತಲಿಲ್ಲ. ನನ್ನ ಕಾಲ ಬುಡಕ್ಕೆ ಬಂದು ನಿಂತಾಗ ನೋಡಿದೆ, ಮುಖದಲ್ಲಿ ರಕ್ತವೇ ಇಲ್ಲ. ಅಂಗಿ ಬೆವರಿಗೆ ಮೈಗಂಟಿತ್ತು.

"ಸಾರ್, ನಿಮಗೆ ಮಂಡಿನೋವು..."

"ಮಂಡಿ ಮನೆ ಹಾಳಾಗ! ನಂಗೆ ಎತ್ರ ಆಗಕಿಲ್ಲ ಕಣಮ್ಮ. ಮಾಳಿಗೆ ಮ್ಯಾಲೂ ನಿಲ್ಲಾಕಿಲ್ಲ ನಾನು."

"ಮತ್ತೆ ಮೇಲಿನ ದೇವಸ್ಥಾನ, ಕಣಜ?"

"ಹತ್ತಿ ಇಳ್ದೋರು ಹೇಳ್ತಾರಲ್ಲ, ಕೇಳ್ಕಂಡು ಹೇಳ್ತೀನಿ. ಈಗ ಅದೆಲ್ಲ ಯಾಕೆ? ನನ್ ಮುಖ ನೋಡು."

ಆ ಸ್ಥಿತಿಯಲ್ಲೂ ನನಗೆ ನಗು ಬಂತು, ಜೊತೆಗೆ ಅಳುವೂ ಬಂತು. ಅವರು ನನಗಿಂತ ಒಂದು ಗುಳಿ ಕೆಳಗೆ, ನನ್ನ ಕಡೆಗೇ ಮುಖ ಮಾಡಿ, ಬೆನ್ನನ್ನು ಪ್ರಪಾತಕ್ಕೆ ಕೊಟ್ಟು ನಿಂತರು. ನನಗೆ ಊರು ಕಾಣದ ಹಾಗೆ ಅವರ ಮೈ ಅಡ್ಡ. ಅವರಿಗೆ ನನ್ನ ಮುಖ, ನನ್ನ ಹಿಂದಿನ ಬಂಡೆ, ಅಷ್ಟೇ. "ನಿಂಗೆ ನಾನು ಅಡ್ಡ, ನಂಗೆ ನೀನು ಅಡ್ಡ. ಇಬ್ರೂ ಕೆಳಕ್ಕೆ ನೋಡೋದ್ ಬ್ಯಾಡ. ಇದು ಬಸ್ಸು ಅಂದ್ಕೋ. ಸ್ಟಾಪ್ ಬಂದಾಗ ಕಾಲಿಡು."

ನನ್ನ ಪಾದ ಹಿಡಿದು ಕೆಳಗಿನ ಗುಳಿಗೆ ಇಟ್ಟರು. "ಪಾವಗಡ. ರೈಟ್."

ನಾನು ಕೂತಲ್ಲಿಂದಲೇ ಜರುಗಿದೆ. ಅವರು ಒಂದು ಗುಳಿ ಇಳಿದು ಇನ್ನೊಂದು ಪಾದ ಇಡಿಸಿದರು. ಆ ರೂಟಿನ ಹಳ್ಳಿಗಳು, ಹಳ್ಳಿಗಳ ನಡುವಿನ ಆಲದಮರ, ಸೇತುವೆ, ಯಾರದೋ ತೋಟದ ಗೇಟು, ಅವರು ಎಂದೋ ಬಸ್ಸು ನಿಲ್ಲಿಸಿದ ಜಾಗಗಳೆಲ್ಲ ಒಂದೊಂದಾಗಿ ಬಂದವು. "ಮಿಡಿಗೇಶಿ. ಇಲ್ಲಿ ಮೊಸ್ರು ಮಾರೋ ಹೆಂಗಸರು ಹತ್ತೋರು, ಹುಷಾರು, ಕುಡಿಕೆ ಇರ್ತೈತೆ. ರೈಟ್." ನಾನು ಅವರ ಜೋತುಬಿದ್ದ ತುಟಿಯನ್ನೇ ನೋಡುತ್ತಿದ್ದೆ. ಆ ತುಟಿ ಆಡುತ್ತಿರುವವರೆಗೆ ನಾನು ಬದುಕಿದ್ದೇನೆ ಅನ್ನಿಸುತ್ತಿತ್ತು.

ಒಂದು ಕಡೆ ಅವರ ಕಾಲಿಗೆ ಗುಳಿ ಸಿಗಲಿಲ್ಲ. ಪಾದ ಜಾರಿತು, ಚೂರುಕಲ್ಲು ಸರಸರ ಕೆಳಗೆ ಹೋಯಿತು. ಅದು ಬಿದ್ದ ಸದ್ದು ಮಾತ್ರ ಕೇಳಿಸಲಿಲ್ಲ. ಅವರ ಕೈ ನನ್ನ ಕಣಕಾಲನ್ನು ಗಟ್ಟಿಯಾಗಿ ಹಿಡಿಯಿತು. ಈಗ ಇಬ್ಬರೂ ಹೋದೆವು ಎಂದು ಕಣ್ಣು ಮುಚ್ಚಿದೆ. "ಹೋಲ್ಡಾನ್... ಹೋಲ್ಡಾನ್..." ಎಂದರು ಪಿಸುದನಿಯಲ್ಲಿ. ಆಮೇಲೆ ತೆಲುಗು ಬಂತು. ತಾಯಿಯ ಭಾಷೆ ಇರಬೇಕು. "ಏಮೀ ಕಾದು ತಲ್ಲೀ, ಏಮೀ ಕಾದು." ಏನೂ ಆಗಲ್ಲ, ಏನೂ ಆಗಲ್ಲ ಎಂದು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, ಹೇಳುತ್ತಲೇ ಇದ್ದರು. ಕೊನೆಗೆ ಅವರ ಕಾಲಿಗೆ ಗುಳಿ ಸಿಕ್ಕಿತು. ದೊಡ್ಡದಾಗಿ ಉಸಿರು ಬಿಟ್ಟು, "ಮಧುಗಿರಿ. ಟೀ ಕುಡಿಯೋರು ಕುಡೀರಿ" ಎಂದರು.

ಕೊರಟಗೆರೆ ದಾಟಿ, ಊರುಗಳಿಗಿಂತ ಗುಳಿ ಹೆಚ್ಚಾಗಿ ತೋವಿನಕೆರೆಯಲ್ಲೇ ಹತ್ತಾರು ಸಲ ನಿಂತು, ತುಮಕೂರು ಬರುವ ಮುಂಚೆಯೇ ಮೆಟ್ಟಿಲು ಬಂತು. ಇಬ್ಬರೂ ಗೋಡೆಗೆ ಒರಗಿ ಕೂತೆವು. ಅವರು ಮುಖ ಆಚೆ ತಿರುಗಿಸಿ ಎರಡು ಸಲ ವಾಂತಿ ಮಾಡಿಕೊಂಡರು. ನನ್ನ ಸೆರಗಿನಲ್ಲೇ ಅವರ ಬಾಯಿ ಒರೆಸಿದೆ, ಬೇಡವೆನ್ನಲಿಲ್ಲ.

ಹುಡುಗಿಯರೂ ಇಳಿದು ಬಂದು ಬಸ್ಸು ಹೊರಟಾಗ ಅಜ್ಜಿ ಮೂತಿ ತಿರುವಿ, "ಶನಿಯಪ್ಪನ ಹತ್ರ ಆಟ ಆಡ್ತೀರಾ?" ಎಂದು ಇಬ್ಬರಿಗೂ ಸೇರಿಸಿ ಬಯ್ದರು. ಮಗಳು ನನ್ನ ಕೊರಳಿಗೆ ಜೋತುಬಿದ್ದಳು. ಅವಳ ಮೈಯ ಬಿಸಿ ತಾಗಿದ ಮೇಲೆಯೇ ನನ್ನ ನಡುಕ ನಿಂತದ್ದು. ಕಂಡಕ್ಟರು ಅವತ್ತು ಮೊದಲ ಬಾರಿಗೆ ಸೀಟಿನಲ್ಲಿ ಕೂತಿದ್ದರು. ಯಾರೋ, "ಮೇಲೆ ಹೆಂಗಿತ್ತಕ್ಕ?" ಎಂದು ನನ್ನನ್ನು ಕೇಳಿದರು. ಕಂಡಕ್ಟರು ಕಿಟಕಿಯಾಚೆ ನೋಡತೊಡಗಿದರು. "ಸಾರ್ ಹೇಳ್ತಾರಲ್ಲ, ಥೇಟ್ ಹಾಗೇ ಇದೆ" ಎಂದೆ.

ಆಮೇಲೂ ಅವರು ಟೂರ್ ನಡೆಸಿದರು, ಕಣಜವನ್ನೂ ಗಾಳಿಯನ್ನೂ ವರ್ಣಿಸಿದರು. ನಾನು ಮತ್ತೆಂದೂ ಆಡಿಕೊಳ್ಳಲಿಲ್ಲ.

ಹೋದ ವರ್ಷ ಮಲಗಿದಲ್ಲೇ ಎದೆ ಹಿಡಿದುಕೊಂಡು ಹೋದರು. ವೈಕುಂಠ ಸಮಾರಾಧನೆಯ ದಿನ ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿಕೊಂಡರು.

"ಅವತ್ತು ಬೆಟ್ಟದಿಂದ ಬಂದೋರು ಚಳಿಜ್ವರ ಬಂದು ಮಲಗ್ಬುಟ್ರು ಕಣಮ್ಮ. ಕೋಟೆ ಬಾಗಿಲಲ್ಲಿ ಕಾವಲಿನೋನು ಇದ್ನಂತೆ, ನಿನ್ನ ಕೂಗು ಕೇಳಿ ಹೋಗ್ಬರ್ತೀನಿ ಅಂತ ಅವನೇ ಎದ್ದಿದ್ನಂತೆ. ಅವನನ್ನ ಕೂರಿಸಿ ನೀವ್ಯಾಕೆ ಹೋದ್ರಿ, ಏನಾದ್ರೂ ಆಗಿದ್ರೆ ನನ್ನ ಗತಿ ಏನು ಅಂತ ಚೆನ್ನಾಗಿ ಬಯ್ದೆ. ಅದ್ಕೆ ಅವರು ಏನಂದ್ರು ಗೊತ್ತಾ? 'ಆ ಹೆಣ್ಮಗ ಕೂಗಿದ್ದು ನನ್ನನ್ನ ಕಣೇ, ಅವನನ್ನಲ್ಲ' ಅಂದ್ರು." ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು. "ನೀನು ಅವರನ್ನೇ ಕೂಗಿದ್ಯೇನಮ್ಮ?"

ನಾನು ಅವತ್ತು ಯಾರನ್ನು ಕೂಗಿದೆನೋ ನನಗೆ ಗೊತ್ತಿಲ್ಲ. ಅಮ್ಮನನ್ನೋ, ದೇವರನ್ನೋ, ಭಯದಲ್ಲಿ ಬಾಯಿಗೆ ಬಂದವರನ್ನೋ. ಅವರು ಅದನ್ನು ತಮ್ಮ ಹೆಸರೆಂದು ಕೇಳಿಸಿಕೊಂಡು ಎದ್ದು ಬಂದಿದ್ದರು.

"ಹೂಂ ಅಮ್ಮ," ಎಂದೆ, "ಅವರನ್ನೇ."